ಬಾಡಿಗೆ ಮನೆಯ ಗೋಡೆ: ಅಲ್ಲೊಂದು ನ್ಯಾಯ, ಇಲ್ಲೊಂದು ನ್ಯಾಯ



ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮಲ್ಲಿ ಎರಡು ಬಗೆಯ ಗಡಿಬಿಡಿ. ಒಂದು ಊರಿಗೆ ಹೋಗುವವರದು, ಇನ್ನೊಂದು ಮನೆ ಬದಲಿಸುವವರದು. ಕರಾಮದಿಂದ ಅಲ್ ನಹ್ದಾಕ್ಕೆ, ಬರ್ ದುಬೈಯಿಂದ ಶಾರ್ಜಾಕ್ಕೆ, ಅಬುಧಾಬಿ ನಗರದಿಂದ ಮುಸಫ್ಫಾಕ್ಕೆ... ಸಾಮಾನು ಪಿಕಪ್ ಹತ್ತಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತಾ?

ನನ್ನ ಅನುಭವವನ್ನೇ ಹೇಳುತ್ತೇನೆ. 2019ರಲ್ಲಿ ನಾವು ಆರು ವರ್ಷ ಇದ್ದ ಫ್ಲ್ಯಾಟ್ ಖಾಲಿ ಮಾಡಿದೆವು. ಕೊಟ್ಟಿದ್ದ ಡಿಪಾಸಿಟ್ 3,000 ದಿರ್ಹಮ್. ವಾಪಸ್ ಬಂದದ್ದು 500! ಬಣ್ಣಕ್ಕೆ 1,800, ಕ್ಲೀನಿಂಗ್‌ಗೆ 400, ಅಡುಗೆಮನೆಯ ಕಪಾಟಿನ ಬಾಗಿಲಿಗೆ 300 ಎಂದು ಮಾಲೀಕರ ಕಡೆಯವರು ಚೀಟಿ ಬರೆದು ಕೊಟ್ಟರು. ಕಪಾಟಿನ ಬಾಗಿಲು ನಮ್ಮದೇ ತಪ್ಪು, ನನ್ನ ಮಗ ಅದಕ್ಕೆ ಜೋತುಬಿದ್ದು ಮುರಿದಿದ್ದ. ಆದರೆ ಆರು ವರ್ಷದ ಹಳೆಯ ಬಣ್ಣಕ್ಕೆ ನಾವೇಕೆ ದುಡ್ಡು ಕೊಡಬೇಕು? ಒಂದು ವಾರ ಮನೆಯಲ್ಲಿ ಇದೇ ಮಾತು, ಇದೇ ಸಿಟ್ಟು.

ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಾಡಿಗೆದಾರರು ಖಾಲಿ ಮಾಡಿದರು. ನಾನು ಬಾವಮೈದುನನಿಗೆ ಫೋನ್ ಮಾಡಿ, "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದು ಕೊಟ್ಟುಬಿಡು" ಅಂದೆ. ಬೆಂಗಳೂರಿನಲ್ಲಿ ಎಲ್ಲರೂ ಮಾಡುವುದೇ ಅದು, ಯೋಚಿಸಲೇ ಇಲ್ಲ. ಎರಡು ದಿನಕ್ಕೆ ಆ ಹುಡುಗನಿಂದ ಈಮೇಲ್ ಬಂತು. ಮೂರು ವರ್ಷದ ಹಿಂದೆ ಮನೆ ಸೇರಿದ ದಿನದ ಫೋಟೋ, ಬಿಟ್ಟ ದಿನದ ಫೋಟೋ ಎರಡೂ ಇದ್ದವು. "ಸರ್, ಹಾಲ್‌ನ ಒಂದು ಗೋಡೆಯ ಮೇಲೆ ಮಗಳು ಕ್ರೆಯಾನ್‌ನಲ್ಲಿ ಗೀಚಿದ್ದಾಳೆ, ಅದರ ಖರ್ಚು ನಮ್ಮದು. ಉಳಿದ ಮನೆಗೆ ಯಾಕೆ?" ಎಂದು ಕೇಳಿದ್ದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ನಾನೇ ಇಲ್ಲಿ ಕೇಳಿದ್ದ ಪ್ರಶ್ನೆ ಅದು! ಒಂದು ಗೋಡೆಯ ಖರ್ಚು ಎಷ್ಟೆಂದು ಪೇಂಟರ್ ಹತ್ತಿರ ಕೇಳಿ, ಅಷ್ಟು ಮಾತ್ರ ಹಿಡಿದು ಉಳಿದದ್ದನ್ನು ಕಳಿಸಿದೆ.

ನಮ್ಮಲ್ಲಿ ಬಹಳಷ್ಟು ಜನರ ಪರಿಸ್ಥಿತಿ ಇದೇ. ಇಲ್ಲಿ ಬಾಡಿಗೆದಾರರು, ಊರಿನಲ್ಲಿ ಮಾಲೀಕರು. ಇಲ್ಲಿ ಅನ್ಯಾಯ ಎನ್ನುವುದನ್ನೇ ಅಲ್ಲಿ ಪದ್ಧತಿ ಎನ್ನುತ್ತೇವೆ. ಇದು ಸರಿಯೇ?

ಕಾನೂನು ಏನು ಹೇಳುತ್ತದೆ ನೋಡೋಣ. ದುಬೈಯಲ್ಲಿ 2007ರ 26ನೇ ಕಾನೂನು ಇದೆ. ಅದರ 16ನೇ ವಿಧಿಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಮೇಂಟೆನೆನ್ಸ್ ಮಾಲೀಕರ ಹೊಣೆ. 19ನೇ ವಿಧಿಯಂತೆ ಬಾಡಿಗೆದಾರ ಮನೆಯನ್ನು ತನ್ನ ಸ್ವಂತ ಮನೆಯಂತೆ ನೋಡಿಕೊಳ್ಳಬೇಕು, ಅನುಮತಿಯಿಲ್ಲದೆ ಬದಲಾವಣೆ ಮಾಡಬಾರದು. 20ನೇ ವಿಧಿ ಡಿಪಾಸಿಟ್ ಕುರಿತು: ಅವಧಿ ಮುಗಿದ ಮೇಲೆ ಅದನ್ನು, ಅಥವಾ ಅದರಲ್ಲಿ ಉಳಿದದ್ದನ್ನು, ಮಾಲೀಕರು ಹಿಂದಿರುಗಿಸಬೇಕು. 21ನೇ ವಿಧಿ ಬಹಳ ಮುಖ್ಯ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಾಮಾನ್ಯ ಬಳಕೆಯ ಸವೆತಕ್ಕೂ ಬಾಡಿಗೆದಾರನ ಕೈಮೀರಿದ ಕಾರಣದ ಹಾನಿಗೂ ಅವನು ಹೊಣೆಯಲ್ಲ.

ಕೈಮೀರಿದ ಕಾರಣ ಎಂದರೇನು ಎಂಬುದನ್ನು 2024ರ ಏಪ್ರಿಲ್ 16ರ ಮಳೆ ಎಲ್ಲರಿಗೂ ತೋರಿಸಿತು. ಅಲ್ ಐನ್ ಬಳಿ ಒಂದು ದಿನದೊಳಗೆ 254 ಮಿ.ಮೀ. ಮಳೆ ಸುರಿಯಿತು. ಅಂಥ ನೀರು ಒಳಗೆ ಬಂದು ಗೋಡೆ ಉಬ್ಬಿದರೆ ಅದು ನಮ್ಮ ತಪ್ಪಲ್ಲ. ಆದರೆ ನೆನೆದ ಸೋಫಾ, ಟಿವಿ ನಮ್ಮವು. ಅದಕ್ಕೆ ಸಾಮಾನಿನ ವಿಮೆ ಬೇಕು, ಬಹಳ ಮಂದಿ ಅದನ್ನು ಮಾಡಿಸುವುದೇ ಇಲ್ಲ.

ಹಾಗಾದರೆ ಸವೆತ ಯಾವುದು, ಹಾನಿ ಯಾವುದು? ಬಿಸಿಲಿಗೆ ಮಾಸಿದ ಬಣ್ಣ, ಸಡಿಲವಾದ ನಲ್ಲಿ, ಓಡಾಡಿ ಸವೆದ ನೆಲ, ಇವು ಸವೆತ. ಒಡೆದ ವಾಶ್‌ಬೇಸಿನ್, ಹೇಳದೆ ಕೊರೆದ ರಂಧ್ರಗಳು, ಇವು ಹಾನಿ. ದೇವರ ಮೂಲೆಯಲ್ಲಿ ದೀಪದ ಮಸಿ ಹಿಡಿದ ಗೋಡೆ, ಒಗ್ಗರಣೆ ಸಿಡಿದು ಜಿಡ್ಡುಗಟ್ಟಿದ ಟೈಲ್ಸ್? ಪ್ರಾಮಾಣಿಕವಾಗಿ ಹೇಳೋಣ, ಅದು ನಮ್ಮ ಲೆಕ್ಕ. ಒಂದು ಟೈಲ್ ಹಿಂದೆ ಇಟ್ಟರೆ, ವಾರಕ್ಕೊಮ್ಮೆ ಒರೆಸಿದರೆ ಮುಗಿಯುವ ಕೆಲಸ.

ಹಾನಿಯಾಗಿದ್ದರೂ ಹೊಸದರ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ. ಐದು ವರ್ಷ ಬಾಳುವ ಬಣ್ಣ ನಾಲ್ಕನೇ ವರ್ಷದ ಕೊನೆಗೆ ಹಾಳಾದರೆ ಐದನೇ ಒಂದು ಭಾಗ ಕೇಳಬಹುದು. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಬಾಡಿಗೆ ಡಿಪಾಸಿಟ್‌ಗೆ ರಕ್ಷಣಾ ಯೋಜನೆಗಳಿವೆ. ಜಗಳವಾದರೆ ಅಲ್ಲಿಯೂ ಹೀಗೆಯೇ ವಯಸ್ಸು ನೋಡಿ ಬೆಲೆ ಕಟ್ಟುತ್ತಾರೆ. ಭಾರತದ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಸುಣ್ಣಬಣ್ಣ, ವೈರಿಂಗ್ ಮಾಲೀಕರದು. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು ಬಾಡಿಗೆದಾರರದು. ಮನೆಯ ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು. ಅದು ಮಾದರಿ ಮಾತ್ರ, ರಾಜ್ಯಗಳು ಕಾನೂನು ಮಾಡಿದರಷ್ಟೇ ಅನ್ವಯ. ಆದರೆ ಒಳ್ಳೆಯ ಮಾದರಿಯನ್ನು ಪಾಲಿಸಲು ನಮಗೆ ಕಾನೂನೇ ಬೇಕೇ?

ನಾನೇಕೆ 2019ರಲ್ಲಿ ದೂರು ಕೊಡಲಿಲ್ಲ ಎಂದು ಕೆಲವರು ಕೇಳಿದ್ದಾರೆ. ದುಬೈಯಲ್ಲಿ 2013ರಲ್ಲಿ ಸ್ಥಾಪನೆಯಾದ ಬಾಡಿಗೆ ವಿವಾದ ಇತ್ಯರ್ಥ ಕೇಂದ್ರ ಇದೆ. ಕನಿಷ್ಠ ಶುಲ್ಕವೇ 500 ದಿರ್ಹಮ್. ಆದರೆ ನಿಜವಾದ ಕಾರಣ ಅದಲ್ಲ. ಮನೆ ಸೇರಿದ ದಿನದ ಒಂದೇ ಒಂದು ಫೋಟೋ ನನ್ನ ಬಳಿ ಇರಲಿಲ್ಲ! ಬೆಂಗಳೂರಿನ ಆ ಹುಡುಗನ ಬಳಿ ಇತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಪ್ರಯೋಜನ?

ಆದ್ದರಿಂದ ಇಷ್ಟು ಮಾಡಿ. ಬೀಗದ ಕೈ ಪಡೆದ ದಿನವೇ, ಸಾಮಾನು ಇಳಿಸುವ ಮೊದಲು, ಪ್ರತಿ ಕೋಣೆ, ನಲ್ಲಿ, ಎಸಿ, ಗೀಸರಿನ ಫೋಟೋ ತೆಗೆದು ಮಾಲೀಕರಿಗೆ ಈಮೇಲ್ ಮಾಡಿ. ಕರಾರನ್ನು ದುಬೈಯಲ್ಲಿ ಇಜಾರಿಯಲ್ಲಿ, ಅಬುಧಾಬಿಯಲ್ಲಿ ತೌಥೀಕ್‌ನಲ್ಲಿ ನೋಂದಾಯಿಸಿ. ಸಣ್ಣ ರಿಪೇರಿ ಯಾರದು, ಎಷ್ಟು ದಿರ್ಹಮ್‌ವರೆಗೆ ಎಂಬುದನ್ನು ಸಹಿ ಹಾಕುವ ಮೊದಲು ಓದಿ. ಎಸಿ ಸೋರಿದರೆ ವಾಚ್‌ಮ್ಯಾನ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ ಬರೆದು ತಿಳಿಸಿ. ತಡ ಮಾಡಿದ್ದರಿಂದ ಹೆಚ್ಚಿದ ಹಾನಿ ನಮ್ಮ ತಲೆಗೇ ಬರಬಹುದು. ಬಿಡುವಾಗ ಮಾಲೀಕರ ಜೊತೆ ಮನೆಯೆಲ್ಲ ನೋಡಿ, ಕಡಿತವಿದ್ದರೆ ಬಿಲ್ ಕೇಳಿ.

ಊರಿನಲ್ಲಿ ನಿಮ್ಮ ಮನೆಯಲ್ಲಿರುವವರಿಗೂ ಇದೇ ಹಕ್ಕು ಕೊಡಿ. ಫೋಟೋ ನೀವೇ ತೆಗೆಸಿ ಕಳಿಸಿ. ಹಿಡಿದ ಪ್ರತಿ ರೂಪಾಯಿಗೆ ಬಿಲ್ ಕೊಡಿ. ಹೊಸದಾಗಿ ಸಂಸಾರ ಹೂಡಿದ ಜೋಡಿಗೆ ಒಂದು ತಿಂಗಳ ಬಾಡಿಗೆ ಎಷ್ಟು ದೊಡ್ಡದು ಎಂದು, ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ಮೊದಲ ವರ್ಷ ನೆನಪಿದ್ದವರಿಗೆ ನಾನು ಹೇಳಬೇಕಾಗಿಲ್ಲ.

ಏನಂತೀರಿ?