ಅಳೆಯುವವರನ್ನು ಅಲ್ಲಗಳೆಯಬಾರದು

ಮನೆಯ ಮಕ್ಕಳು ಭೌತಶಾಸ್ತ್ರ ಓದುತ್ತೇವೆಂದರೆ ನಾವು ಹಿರಿಯರು ಮೊದಲು ಕೇಳುವುದು, "ಅದರಿಂದೇನು ಪ್ರಯೋಜನ?" ಎಂದು. ಸ್ಪೇನಿನ ಬಾರ್ಸಿಲೋನಾ ನಗರದ ಬಳಿ ನಡೆದ ಸಂಶೋಧನೆಯೊಂದರ ಮುಂದೆ ಈ ಪ್ರಶ್ನೆಯನ್ನಿಟ್ಟು ನೋಡೋಣ.

ಇಂಗಾಲದ ಪರಮಾಣುಗಳಿಂದಾದ ನಳಿಗೆಯೊಂದಿದೆ. ಅದು ಕೂದಲೆಳೆಗಿಂತ ಹತ್ತಾರು ಸಾವಿರ ಪಟ್ಟು ಸಪೂರ. ಇಂತಹ ನಳಿಗೆಗಳತ್ತ 1991ರಲ್ಲಿ ಲೋಕದ ಗಮನ ಸೆಳೆದವರು ಜಪಾನಿನ ಸುಮಿಯೊ ಇಜಿಮಾ. ಇದನ್ನು ವೀಣೆಯ ತಂತಿಯಂತೆ ಎರಡು ತುದಿಗಳಲ್ಲಿ ಹಿಡಿದಿರಿಸಿದರೆ ಕಂಪಿಸುತ್ತದೆ. ಮೃದಂಗದ ಎಡಬದಿಗೆ ನಾದಿದ ರವೆ ಮೆತ್ತಿದರೆ ಶ್ರುತಿ ಇಳಿಯುತ್ತದಷ್ಟೆ. ಹಾಗೆಯೇ ನಳಿಗೆಯ ಮೇಲೆ ಅಣುವೊಂದು ಕುಳಿತರೂ ಅದರ ಕಂಪನ ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತೆಂದು ಅಳೆದರೆ ಕುಳಿತದ್ದರ ತೂಕ ತಿಳಿಯುತ್ತದೆ. 2012ರಲ್ಲಿ ಆಡ್ರಿಯನ್ ಬಾಕ್ಟೋಲ್ಡ್ ಅವರ ತಂಡ ಸೆಕೆಂಡಿಗೆ ಸುಮಾರು 200 ಕೋಟಿ ಸಲ ಕಂಪಿಸುವ ನಳಿಗೆಯನ್ನು ಬಳಸಿ, ಒಂದು ಪ್ರೋಟಾನಿನ ತೂಕದಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲ ತಕ್ಕಡಿಯನ್ನು ಸಾಧಿಸಿತು.

ಇದಕ್ಕೆ ಕಡುಚಳಿ ಬೇಕು. ಶಾಖವೆಂದರೆ ಪರಮಾಣುಗಳ ಕುಣಿತವೇ. ಅದು ಅಡಗದೆ ಸೂಕ್ಷ್ಮ ಕಂಪನ ತಿಳಿಯದು. 2013ರ ಪ್ರಯೋಗದಲ್ಲಿ ನಳಿಗೆಯನ್ನು ಸೊನ್ನೆಗಿಂತ ಸುಮಾರು 272 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರು. ಆಗಲೂ ಅಳೆಯುವ ಉಪಕರಣದ ಗದ್ದಲ ಉಳಿಯಿತು. ಅದಕ್ಕಾಗಿ ಎರಡು ಆಂಪ್ಲಿಫಯರುಗಳನ್ನಿಟ್ಟು, ಎರಡರಲ್ಲೂ ಸಮನಾಗಿ ಕಂಡದ್ದನ್ನು ಮಾತ್ರ ಎತ್ತಿಕೊಂಡರು. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾದಷ್ಟನ್ನೇ ನಂಬುವ ನ್ಯಾಯಾಧೀಶರ ಕ್ರಮವಿದು.

ಇದರಿಂದ ನಾಳೆಯೇ ಅಂಗಡಿಗೆ ಬರುವ ವಸ್ತುವೇನೂ ಇಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಹಿಂದಿನದೊಂದು ಉದಾಹರಣೆ ನೋಡಿ. ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. 1911ರಲ್ಲಿ ಆ ಚಳಿಯಲ್ಲಿ ಪಾದರಸವನ್ನು ಪರೀಕ್ಷಿಸುತ್ತಿರುವಾಗ ಅದರ ವಿದ್ಯುತ್ ರೋಧ ಮಾಯವಾದುದು ಕಂಡುಬಂತು. ಅದರಿಂದ ಪ್ರಯೋಜನವೇನೆಂದು ಅಂದು ಯಾರು ಹೇಳಬಹುದಿತ್ತು? ಇಂದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ಹೆಚ್ಚಿನವು ಅದೇ ಗುಣದ ತಂತಿಸುರುಳಿಗಳಿಂದ, ದ್ರವ ಹೀಲಿಯಮಿನ ತಂಪಿನಿಂದ ನಡೆಯುತ್ತವೆ. ಮಂಗಳೂರಿಗೆ ಹೋಗಿ ಆ ಯಂತ್ರದೊಳಗೆ ಮಲಗಿ ಬಂದವರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ.

ಎಲ್ಲ ಅಳತೆಯೂ ಯಂತ್ರವಾಗಿ ಫಲಿಸಬೇಕೆಂದಿಲ್ಲ. ಆದರೆ ಅಳೆಯುವವರೇ ಇಲ್ಲದಿದ್ದರೆ ಯಾವುದೂ ಫಲಿಸದು. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳು ಆ ದಾರಿ ಬಯಸಿದಾಗ ಪ್ರಯೋಜನದ ಪ್ರಶ್ನೆಯೊಡ್ಡಿ ತಡೆಯದಿರಿ. ಅದಕ್ಕೆ ಉತ್ತರ ಸಿಗಲು ಒಂದು ತಲೆಮಾರೇ ಬೇಕಾದೀತು.