ತುಂತುರು ಬಣ್ಣವೂ ಚನ್ನಪಟ್ಟಣದ ಮರದ ಕಾರೂ

ಬಣ್ಣವೆಂಬುದು ವಸ್ತುವಿನ ಹೊರಗಿನ ಅಲಂಕಾರ ಮಾತ್ರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮಗುವಿನ ಕೈಗೆ ಕೊಡುವ ಆಟಿಕೆಯ ವಿಷಯದಲ್ಲಿ ಈ ಭಾವನೆ ಸರಿಯಲ್ಲ. ಮಗು ಹೊಸ ವಸ್ತುವನ್ನು ಕಣ್ಣಿನಿಂದ ನೋಡಿ ತೃಪ್ತಿಪಡುವುದಿಲ್ಲ; ಬಾಯಿಗಿಟ್ಟು ಪರೀಕ್ಷಿಸುತ್ತದೆ. ಅದರ ನಾಲಗೆಗೆ ಮೊದಲು ತಗಲುವುದು ಮರವಲ್ಲ, ಮರದ ಮೇಲಿನ ಬಣ್ಣ. ಆದುದರಿಂದ ಆಟಿಕೆಗೆ ಯಾವ ಬಣ್ಣವನ್ನು ಯಾವ ವಿಧಾನದಿಂದ ಹಚ್ಚಬೇಕೆಂಬುದು ಕೇವಲ ರುಚಿಯ ಪ್ರಶ್ನೆಯಲ್ಲ. ಅದು ವಿಜ್ಞಾನದ ಪ್ರಶ್ನೆ, ನೀತಿಯ ಪ್ರಶ್ನೆಯೂ ಹೌದು.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು ೬೦ ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಅರಗಿನ ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಊರು. ಅಲ್ಲಿ ಬೊಂಬೆಗಳ ಜೊತೆಗೆ ಬಸ್ಸು, ರೈಲು, ಕಾರುಗಳೂ ಮರದಲ್ಲಿ ರೂಪುಗೊಳ್ಳುತ್ತವೆ. ಇತ್ತ ಅಂಗಡಿಗಳಲ್ಲಿ ಗುಂಡಿಯೊತ್ತಿದೊಡನೆ ಬಣ್ಣ ಸೂಸುವ ಸ್ಪ್ರೇ ಡಬ್ಬಿಗಳು ಸುಲಭವಾಗಿ ದೊರೆಯುತ್ತವೆ. ನಿಜವಾದ ಕಾರಿನಂತೆ ಥಳಥಳಿಸುವ ಪುಟ್ಟ ಕಾರನ್ನು ಬಯಸುವ ಗಿರಾಕಿಗೂ ಬೇಗನೆ ಕೆಲಸ ಮುಗಿಸಬೇಕಾದ ಕಸುಬುದಾರನಿಗೂ ಈ ಡಬ್ಬಿ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಮಕ್ಕಳ ಮರದ ಕಾರಿಗೆ ಇದು ತಕ್ಕ ಸಾಧನವಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಸ್ಪ್ರೇ ಡಬ್ಬಿ ಭೌತವಿಜ್ಞಾನದ ಒಂದು ಸೊಗಸಾದ ಪ್ರಯೋಗವೆಂಬುದರಲ್ಲಿ ಸಂದೇಹವಿಲ್ಲ. ನಾರ್ವೆ ದೇಶದ ಎರಿಕ್ ರೋಥೈಮ್ ಎಂಬ ಎಂಜಿನಿಯರು ೧೯೨೦ರ ದಶಕದಲ್ಲಿ ಇದರ ಮೂಲ ತತ್ತ್ವವನ್ನು ರೂಪಿಸಿದನು. ೧೯೪೯ರಲ್ಲಿ ಅಮೆರಿಕದ ಎಡ್ವರ್ಡ್ ಸೀಮೋರ್ ಎಂಬಾತನು, ಹೆಂಡತಿಯ ಸಲಹೆಯಂತೆ, ಅದರಲ್ಲಿ ಬಣ್ಣ ತುಂಬಿಸಿದನು. ಡಬ್ಬಿಯೊಳಗೆ ಬಣ್ಣದೊಡನೆ ಒತ್ತಡದಿಂದ ದ್ರವರೂಪಕ್ಕೆ ಬಂದ ಅನಿಲವೊಂದು ಇರುತ್ತದೆ. ಗುಂಡಿಯೊತ್ತಿದಾಗ ಈ ದ್ರವ ಕ್ಷಣಾರ್ಧದಲ್ಲಿ ಅನಿಲವಾಗಿ ಹಿಗ್ಗಿ, ಬಣ್ಣವನ್ನು ಸಣ್ಣ ಹನಿಗಳಾಗಿ ಸಿಡಿಸುತ್ತದೆ. ಮೊದಲು ಇದಕ್ಕಾಗಿ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳನ್ನು ಬಳಸುತ್ತಿದ್ದರು. ಅವು ಓಜೋನ್ ಪದರವನ್ನು ನಾಶಗೊಳಿಸಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ ೧೯೭೪ರಲ್ಲಿ ತೋರಿಸಿಕೊಟ್ಟರು. ೧೯೮೭ರ ಮಾಂಟ್ರಿಯಲ್ ಒಪ್ಪಂದ ಅವುಗಳ ಬಳಕೆಗೆ ಕಡಿವಾಣ ಹಾಕಿತು. ಇಂದಿನ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಪ್ರೊಪೇನ್, ಬ್ಯೂಟೇನ್ ಮುಂತಾದ, ಬೆಂಕಿಗೆ ಬೇಗ ಹತ್ತಿಕೊಳ್ಳುವ ಅನಿಲಗಳು.

ಪುಟ್ಟ ಕಾರಿನ ಮೇಲೆ ಈ ಬಣ್ಣವನ್ನು ಹಚ್ಚಿ ನೋಡಿದವರಿಗೆ ಅದರ ತೊಂದರೆಗಳು ಗೊತ್ತು. ಒಮ್ಮೆ ಮೈಯೆಲ್ಲ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ. ಒಮ್ಮೆ ಬಣ್ಣ ಕಣ್ಣೀರಿನಂತೆ ಸೋರುತ್ತದೆ. ಒಮ್ಮೆ ಬೂದಿ ಬಳಿದಂತೆ ಮಂಕಾಗುತ್ತದೆ. ಇವೆಲ್ಲ ಕೈಯ ದೋಷವೆಂದು ಹಲವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ವಾಸ್ತವವಾಗಿ ಒಂದೊಂದರ ಹಿಂದೆಯೂ ಒಂದೊಂದು ಪ್ರಕೃತಿನಿಯಮವಿದೆ.

ಡಬ್ಬಿಯನ್ನು ದೂರ ಹಿಡಿದರೆ ಹನಿಗಳಲ್ಲಿನ ದ್ರಾವಕ ದಾರಿಯಲ್ಲಿಯೇ ಆವಿಯಾಗುತ್ತದೆ. ಅರೆ ಒಣಗಿದ ಹನಿಗಳು ಮೇಲ್ಮೈಗೆ ಬಿದ್ದಾಗ ಹರಡಿ ಒಂದಾಗುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ತರಿ ಹುಟ್ಟುವುದು ಹೀಗೆ. ಹತ್ತಿರ ಹಿಡಿದರೆ ಪದರ ದಪ್ಪವಾಗುತ್ತದೆ. ನಿಂತ ಮೇಲ್ಮೈಯಲ್ಲಿ ಪದರದ ದಪ್ಪ ಇಮ್ಮಡಿಯಾದರೆ ಅಷ್ಟೇ ಕಾಲದಲ್ಲಿ ಕೆಳಗಿಳಿಯುವ ಬಣ್ಣದ ಮೊತ್ತ ಎರಡರಷ್ಟಲ್ಲ, ಎಂಟರಷ್ಟು! ಚೆನ್ನಾಗಿ ಬಂದ ಪದರಕ್ಕೂ ಸೋರಿದ ಪದರಕ್ಕೂ ನಡುವಿನ ಅಂತರ ಇಷ್ಟು ಕಿರಿದಾಗಿರುವುದು ಈ ಕಾರಣದಿಂದ. ಇನ್ನು, ದ್ರಾವಕ ಆವಿಯಾಗುವಾಗ ಮೇಲ್ಮೈಯ ಉಷ್ಣವನ್ನು ಹೀರುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಹೀಗೆ ತಣಿದ ಮೇಲ್ಮೈಯ ಮೇಲೆ ಇಬ್ಬನಿ ಕೂಡುತ್ತದೆ. ಆ ನೀರು ಹಸಿ ಬಣ್ಣದೊಳಗೆ ಸೇರಿ ಬಿಳಿಯ ಮಂಕನ್ನುಂಟುಮಾಡುತ್ತದೆ. ಡಬ್ಬಿಯೂ ಇದೇ ನಿಯಮಕ್ಕೆ ಒಳಪಟ್ಟಿದೆ: ಬಹಳ ಹೊತ್ತು ಒತ್ತಿ ಹಿಡಿದರೆ ಒಳಗಿನ ದ್ರವ ಆವಿಯಾಗುತ್ತ ಡಬ್ಬಿ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಹನಿಗಳು ದೊಡ್ಡವಾಗಿ ಉಗುಳಿದಂತೆ ಬೀಳುತ್ತವೆ.

ಇವಕ್ಕಿಂತ ಮೂಲಭೂತವಾದ ತೊಡಕೊಂದಿದೆ. ಅದು ಅಳತೆಯ ತೊಡಕು. ನಿಜವಾದ ಕಾರಿನ ಬಣ್ಣದ ಒಟ್ಟು ದಪ್ಪ ಸುಮಾರು ೧೦೦ ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕಾರನ್ನು ೨೪ರಲ್ಲಿ ಒಂದು ಪಾಲಿಗೆ ಕುಗ್ಗಿಸಿದಾಗ ಬಣ್ಣವೂ ಅದೇ ಪ್ರಮಾಣದಲ್ಲಿ ಕುಗ್ಗಬೇಕಾದರೆ ಅದರ ದಪ್ಪ ೪ ಮೈಕ್ರಾನ್ ಆಗಬೇಕು. ಡಬ್ಬಿಯ ಬಣ್ಣವಾದರೋ ಒಂದೆರಡು ಸಲ ಹಚ್ಚುವಷ್ಟರಲ್ಲಿ ೩೦ ಮೈಕ್ರಾನನ್ನು ಮುಟ್ಟುತ್ತದೆ. ಇದು ನಿಜವಾದ ಕಾರಿಗೆ ಮುಕ್ಕಾಲು ಮಿಲಿಮೀಟರ್ ದಪ್ಪದ ಬಣ್ಣ ಬಳಿದುದಕ್ಕೆ ಸಮ. ಬಾಗಿಲಿನ ಗೆರೆಗಳು ತುಂಬಿಹೋಗುವುದರಲ್ಲಿ ಆಶ್ಚರ್ಯವೇನು? ಮಿನುಗುವ ಬಣ್ಣದಲ್ಲಿನ ೨೦ ಮೈಕ್ರಾನಿನ ಲೋಹದ ಚೂರು ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿನ ತುಣುಕಾಗಿ ತೋರುತ್ತದೆ. ವಸ್ತುವನ್ನು ಕುಗ್ಗಿಸಬಹುದು, ಹನಿಯನ್ನೂ ಅದರ ಸ್ವಭಾವವನ್ನೂ ಮನಬಂದಂತೆ ಕುಗ್ಗಿಸಲಾಗದು.

ಈಗ ಚನ್ನಪಟ್ಟಣದ ವಿಧಾನವನ್ನು ನೋಡೋಣ. ಅಲ್ಲಿಯ ಸಾಂಪ್ರದಾಯಿಕ ಮರ ಆಲೆ ಮರ. ಸಸ್ಯವಿಜ್ಞಾನಿಗಳು ಇದನ್ನು ರೈಟಿಯ ಟಿಂಕ್ಟೋರಿಯ ಎನ್ನುತ್ತಾರೆ. ಮಾಗಡಿ, ಕನಕಪುರಗಳ ಸುತ್ತಣಂಥ ಒಣ ಕಾಡುಗಳಲ್ಲಿ ಬೆಳೆಯುವ, ದಂತದಂತೆ ಬೆಳ್ಳಗಿರುವ, ಒತ್ತಾದ ಎಳೆಯ ಮರವಿದು. ಒಣಗಿಸಿದ ತುಂಡನ್ನು ಲೇತಿನಲ್ಲಿ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪಕ್ಕೆ ತರುತ್ತಾರೆ. ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಅರಗು ಸುಮಾರು ೭೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ವಸ್ತು. ಘರ್ಷಣೆಯ ಶಾಖವೇ ಅದಕ್ಕೆ ಸಾಕು. ಕರಗಿದ ಅರಗು ಮರವನ್ನು ಹಿಡಿದುಕೊಳ್ಳುತ್ತದೆ. ಒಣಗಿದ ಗರಿಯೊಂದನ್ನು ಒತ್ತಿದರೆ ಸಮನಾಗಿ ಹರಡಿ ಹೊಳೆಯುತ್ತದೆ.

ಎರಡು ವಿಧಾನಗಳ ಭೇದವನ್ನು ಗಮನಿಸಿರಿ. ಡಬ್ಬಿಯ ಬಣ್ಣ ಗಟ್ಟಿಯಾಗುವುದು ತನ್ನಲ್ಲಿರುವುದನ್ನು ಗಾಳಿಗೆ ಬಿಟ್ಟುಕೊಟ್ಟು. ಅರಗು ಗಟ್ಟಿಯಾಗುವುದು ಬರಿದೆ ತಣಿದು. ಅರಗಿಗೆ ದ್ರಾವಕ ಬೇಡ; ಆದುದರಿಂದ ಆವಿಯಿಲ್ಲ, ಸೋರುವುದಿಲ್ಲ, ಮಳೆಗಾಲದ ಮಂಕಿಲ್ಲ, ಒಣಗಲು ಕಾಯಬೇಕಾಗಿಯೂ ಇಲ್ಲ. ಮೇಲೆ ಹೇಳಿದ ತೊಂದರೆಗಳೆಲ್ಲ ಇಲ್ಲಿ ಹುಟ್ಟುವುದೇ ಇಲ್ಲ.

ಹೀಗಿದ್ದೂ ಡಬ್ಬಿಗೆ ಆಸ್ಪದವೇಕೆ? ಅರಗಿನ ವಿಧಾನಕ್ಕೂ ಒಂದು ಮಿತಿಯುಂಟು. ತಿರುಗುವ ವಸ್ತು ದುಂಡಗಿರಲೇಬೇಕು. ಗಾಲಿ, ಚಾಲಕನ ತಲೆ, ಉರುಳೆಯಾಕಾರದ ಮೈ, ಇವನ್ನು ಲೇತಿನಲ್ಲಿ ಬಣ್ಣಗೊಳಿಸಬಹುದು. ನಿಜವಾದ ಕಾರಿನಂತೆ ಮೂಲೆಗಳೂ ಚಪ್ಪಟೆ ಪಕ್ಕಗಳೂ ಬೇಕೆಂದರೆ ಲೇತು ಕೈಚೆಲ್ಲುತ್ತದೆ. ಡಬ್ಬಿ ಪ್ರವೇಶಿಸುವುದು ಈ ಬಾಗಿಲಿನಿಂದಲೇ. ಪ್ಲಾಸ್ಟಿಕ್ ಆಟಿಕೆಗಳ ಅಗ್ಗದ ಬೆಲೆಯೊಡನೆ ಸೆಣಸುತ್ತಿರುವ ಕಸುಬುದಾರನು ಅದನ್ನು ಎತ್ತಿಕೊಂಡರೆ ಅವನನ್ನು ಜರೆಯುವುದು ನ್ಯಾಯವಲ್ಲ. ಆದರೆ ಅದರ ಫಲವನ್ನು ತಿಳಿಯದಿರುವುದೂ ಸರಿಯಲ್ಲ.

ಮೊದಲನೆಯದು ಉಸಿರಿನ ಮಾತು. ಹನಿಗಳಲ್ಲಿ ಹತ್ತು ಮೈಕ್ರಾನಿಗಿಂತ ಕಿರಿಯವು ಶ್ವಾಸಕೋಶದೊಳಕ್ಕೆ ಇಳಿಯಬಲ್ಲವು. ಟಾಲೀನ್, ಕ್ಸೈಲೀನ್ ಮುಂತಾದ ದ್ರಾವಕಗಳ ಆವಿ ನರಮಂಡಲಕ್ಕೆ ಹಾನಿಕರ. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಸುತ್ತಲ ಹಳ್ಳಿಗಳ ರೇಷ್ಮೆ ಬೆಳೆಗಾರರು ಹುಳುಮನೆಯ ಹತ್ತಿರ ಕೀಟನಾಶಕದ ಗಾಳಿಯನ್ನೂ ಸುಳಿಯಗೊಡುವುದಿಲ್ಲ. ಹುಳುವಿಗೆ ತೋರುವ ಈ ಎಚ್ಚರವನ್ನು ಗಾಳಿಯಾಡದ ಕೋಣೆಯಲ್ಲಿ ಬಣ್ಣ ಸಿಂಪಡಿಸುವ ಮನುಷ್ಯನಿಗೆ ತೋರಬೇಡವೆ?

ಎರಡನೆಯದು ಸೀಸದ ಮಾತು. ಹಳದಿ, ಕೇಸರಿ, ಕೆಂಪು ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬಹುಕಾಲದಿಂದ ಬಳಸಿಕೊಂಡು ಬಂದಿದ್ದಾರೆ. ಸೀಸಕ್ಕೆ ಅಪಾಯವಿಲ್ಲದ ಮಟ್ಟವೆಂಬುದೇ ತಿಳಿದಿಲ್ಲವೆಂದೂ, ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಬಲ್ಲದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಕುಂದಿಸುವುದು ಮಗುವಿನ ಬುದ್ಧಿಯನ್ನು. ಆ ನಷ್ಟ ಮರಳಿ ತುಂಬುವಂಥದಲ್ಲ. ಭಾರತದಲ್ಲಿ ೨೦೧೬ರ ನಿಯಮವು ೨೦೧೭ರ ನವೆಂಬರಿನಿಂದ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ ೯೦ ಭಾಗಕ್ಕೆ ಮಿತಗೊಳಿಸಿತು. ಕೈಗಾರಿಕೆಯ ಬಣ್ಣಗಳು ಈ ನಿಯಮದ ಹೊರಗಿವೆ. ವಾಹನದ ಗೀರು ಮುಚ್ಚಲೆಂದು ತಯಾರಿಸಿದ ಡಬ್ಬಿಯನ್ನು ಆಟಿಕೆಗೆ ತಿರುಗಿಸುವವರು ಈ ಭೇದವನ್ನು ನೆನಪಿನಲ್ಲಿಡಬೇಕು.

ಮೂರನೆಯದೂ ಮುಖ್ಯವಾದುದೂ ನಂಬಿಕೆಯ ಮಾತು. ಚನ್ನಪಟ್ಟಣದ ಆಟಿಕೆ, ಬೊಂಬೆಗಳಿಗೆ ೨೦೦೫–೦೬ನೆಯ ಸಾಲಿನಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. ಕೇಂದ್ರ ಸರ್ಕಾರದ ೨೦೨೦ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಮಾನಕ ಸಂಸ್ಥೆಯ ಗುರುತನ್ನು ಕಡ್ಡಾಯಗೊಳಿಸಿತು. ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ವಸ್ತುಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿತು. ಪರೀಕ್ಷೆಯ ವೆಚ್ಚವನ್ನು ತಾಳಲಾರದ ಸಣ್ಣ ಕಸುಬುದಾರನಿಗೆ ಇದು ಉಪಕಾರವೇ ಸರಿ. ಆದರೆ ಗಿರಾಕಿ ಈ ಊರಿನ ಹೆಸರನ್ನು ನಂಬುವುದು ಅರಗನ್ನು ನಂಬಿ. ಅರಗಿನ ಹೆಸರಿನಲ್ಲಿ ದೊರೆತ ಮನ್ನಣೆಯ ಮರೆಯಲ್ಲಿ, ಪರೀಕ್ಷೆಗೊಳಗಾಗದ ಸ್ಪ್ರೇ ಬಣ್ಣದ ಕಾರೊಂದು ಮಗುವಿನ ಕೈ ಸೇರಿದರೆ, ರಕ್ಷಣೆಗಾಗಿ ಕಟ್ಟಿದ ಬೇಲಿಯೇ ಹೊಲ ಮೇಯ್ದಂತಾಗುತ್ತದೆ.

ಹಾಗೆಂದು ಅರಗೆಂಬ ಹೆಸರೊಂದೇ ರಕ್ಷೆಯೆಂದು ತಿಳಿಯಬಾರದು. ಅರಗಿನಲ್ಲಿ ಬೆರೆಸುವ ಬಣ್ಣವೂ ನಿರಪಾಯವಾಗಿರಬೇಕು. ಅರಿಶಿನ, ನೀಲಿಗಳಂಥ ಸಸ್ಯಮೂಲದ ಬಣ್ಣಗಳಿಗೆ ಬೆಲೆ ಬಂದಿರುವುದು ಇದರಿಂದಲೇ.

ಮಾಡಬೇಕಾದುದೇನು? ಮೊದಲು ಪ್ರತಿಕೃತಿಯನ್ನೂ ಆಟಿಕೆಯನ್ನೂ ಬೇರ್ಪಡಿಸಿ ನೋಡೋಣ. ದೊಡ್ಡವರು ಗಾಜಿನ ಕಪಾಟಿನಲ್ಲಿಡುವ ಪ್ರತಿಕೃತಿಗೆ ಸ್ಪ್ರೇ ಬಣ್ಣ ಸಲ್ಲುತ್ತದೆ. ಒಣ ಹವೆಯಲ್ಲಿ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ತೆಳುವಾದ ಹಲವು ಪದರಗಳಾಗಿ ಹಚ್ಚಿದರೆ ಸಾಕು. ಮಗುವಿನ ಕಾರಿಗೆ ಬೇರೆ ದಾರಿಗಳಿವೆ. ದುಂಡಗೆ ಕಡೆದು ಅರಗು ಹಚ್ಚಿದ ಉರುಳೆಯನ್ನು ಉದ್ದಕ್ಕೆ ಸೀಳಿದರೆ ಎರಡು ಕಾರುಗಳ ಮೈ ಒಂದೇ ಸಲಕ್ಕೆ ಸಿದ್ಧವಾಗುತ್ತದೆ. ಚಪ್ಪಟೆ ಮುಖಗಳನ್ನು ನುಣುಪಾಗಿ ಉಜ್ಜಿ ಮರದ ಸಹಜ ಬಿಳುಪಿಗೇ ಬಿಡಬಹುದು. ಇಲ್ಲವೆ ಶುದ್ಧ ಮದ್ಯಸಾರದಲ್ಲಿ ಕರಗಿಸಿದ ಅರಗನ್ನು ಕುಂಚದಿಂದ ಬಳಿಯಬಹುದು. ಶುದ್ಧೀಕರಿಸಿದ ಅರಗನ್ನು ಮಾತ್ರೆಗಳಿಗೂ ಮಿಠಾಯಿಗಳಿಗೂ ಹೊಳಪು ಕೊಡಲು ಬಳಸುತ್ತಾರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಅರಗು ಹಚ್ಚಿದ ಗಾಲಿಗಳ ಬಳಿ ಮಾತ್ರ ಸ್ಪ್ರೇ ಬಣ್ಣವನ್ನು ತರಲೇಬಾರದು. ಅದರಲ್ಲಿನ ದ್ರಾವಕ ಅರಗನ್ನು ಮೆತುಗೊಳಿಸಿ ಹೊಳಪನ್ನು ಕೆಡಿಸಬಹುದು.

ಇದರ ಹೊರೆಯನ್ನೆಲ್ಲ ಕಸುಬುದಾರನ ಬೆನ್ನಿಗೆ ಹೇರಲಾಗದು. ಪ್ರತಿ ಆಟಿಕೆಯ ಮೇಲೆ ‘ಅರಗು’ ಅಥವಾ ‘ಬಣ್ಣ’ ಎಂದು ಸ್ಪಷ್ಟವಾಗಿ ಬರೆಯುವ ಪದ್ಧತಿ ಬರಲಿ. ಅರಗಲ್ಲದ ಬಣ್ಣ ಹಚ್ಚಿದುದಕ್ಕೆ ವಿನಾಯಿತಿ ಬೇಡ. ಅವುಗಳಲ್ಲಿನ ಸೀಸವನ್ನು ಸರ್ಕಾರದ ವೆಚ್ಚದಲ್ಲಿ, ಊರಿಗೆ ಹತ್ತಿರದಲ್ಲಿಯೇ ಪರೀಕ್ಷಿಸುವ ಏರ್ಪಾಡಾಗಲಿ. ಕೊಳ್ಳುವವರೂ ಒಂದು ಮಾತನ್ನು ಅರಿತರೆ ಒಳ್ಳೆಯದು: ಮಗುವಿಗೆ ನಿಜವಾದ ಕಾರಿನ ತದ್ರೂಪು ಬೇಕಾಗಿಲ್ಲ. ನಾಲ್ಕು ಗಾಲಿಗಳಿದ್ದು ಉರುಳಿದರೆ ಅದರ ಪಾಲಿಗೆ ಅದೇ ಕಾರು. ತದ್ರೂಪದ ಆಸೆ ದೊಡ್ಡವರದು. ಅದರ ಬೆಲೆಯನ್ನು ಮಗು ತೆರುವಂತಾಗಬಾರದು.