ಅತಿಥಿಗೆ ಮಗ್ಗ ತೋರಿಸ್ತೀರಿ, ಮಗ್ಗದ ಮನೆಯ ಮಾತನ್ನು ಯಾಕೆ ಬಚ್ಚಿಡ್ತೀರಿ?



ಕೊಯಮತ್ತೂರು ಕಡೆಯ ಒಂದು ಸೇವಾ ಕ್ಲಬ್ಬು ಶೈಕ್ಷಣಿಕ ವಿನಿಮಯಕ್ಕೆ ಅಂತ ಯೂರೋಪಿನಿಂದ ಬಂದ ವಿದ್ಯಾರ್ಥಿಗಳನ್ನು ನಮ್ಮವರ ನೇಕಾರರ ಬೀದಿಗೆ ಕರ್ಕೊಂಡು ಬಂದಿತ್ತು. ಕ್ಲಬ್ಬಿನ ಹೆಸರು ಬೇಡ, ಇದು ಒಂದೇ ಕ್ಲಬ್ಬಿನ ಕಥೆ ಅಲ್ಲ. ಹಾರ ಆಯ್ತು, ಎಳನೀರು ಆಯ್ತು, ಬ್ಯಾನರ್ ಹಿಡಿದು ಫೋಟೋ ಆಯ್ತು. ಆಮೇಲೆ ಮಗ್ಗ ನೋಡೋಕೆ ಒಂದು ಮನೆಯೊಳಗೆ ಹೋದರು. ಮೂಲೆಯಲ್ಲಿ ನೂಲು ಸುತ್ತುತ್ತಾ ಕೂತಿದ್ದ ಅಜ್ಜಿ ಮೊಮ್ಮಗನ ಕಡೆ ತಿರುಗಿ, "ಆ ಹುಡುಗಿ ಊಟ ಮಾಡಿದ್ದಾಳಾ ಕೇಳೋ" ಅಂದರು. ಅಪ್ಪಟ ಕನ್ನಡ. ಬಂದಿದ್ದ ಹುಡುಗಿಗೆ ಕಿವಿ ಚುರುಕು. ಬೆಳಗ್ಗೆಯಿಂದ ಕೇಳಿದ್ದ ಮಾತಿಗಿಂತ ಇದು ಬೇರೆ ಅಂತ ಅನ್ನಿಸಿ, ಇದು ಯಾವ ಭಾಷೆ ಅಂತ ಕೇಳೇಬಿಟ್ಟಳು.

ಜೊತೆಗಿದ್ದ ಕ್ಲಬ್ಬಿನವರು, "ತಮಿಳೇ, ಸ್ವಲ್ಪ ಹಳ್ಳಿ ತಮಿಳು" ಅಂದರು. ಅವಳು ಮೊಮ್ಮಗನ ಮುಖ ನೋಡಿದಳು. ಪ್ಲಸ್ ಟೂ ಓದುವ ಹುಡುಗ. ಅವನೂ ತಲೆ ಆಡಿಸಿದ.

ಅವತ್ತು ನಮ್ಮ ಬಳಗದವರು ಇಬ್ಬರು ಅಲ್ಲೇ ಬಾಗಿಲ ಹತ್ತಿರ ನಿಂತಿದ್ವಿ. ನಾವೂ ಬಾಯಿ ಬಿಡಲಿಲ್ಲ. ಅದನ್ನು ಮೊದಲೇ ಒಪ್ಕೊಂಡು ಮುಂದಕ್ಕೆ ಹೋಗ್ತೀವಿ.

ಈ ವಿನಿಮಯ ಅನ್ನೋದು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ರೋಟರಿಯವರ ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್ 1965ರಲ್ಲಿ ಶುರುವಾಗಿ 2013ರವರೆಗೆ ನಡೆಯಿತು. ದುಡಿಮೆಗೆ ಹತ್ತಿದ ಚಿಕ್ಕ ವಯಸ್ಸಿನವರು ನಾಲ್ಕಾರು ವಾರ ಬೇರೆ ದೇಶದವರ ಮನೆಗಳಲ್ಲಿ ಉಳಿದು, ಅಲ್ಲಿನ ಕೆಲಸ, ಬದುಕು ನೋಡಿ ಬರ್ತಿದ್ರು. ಯೂತ್ ಎಕ್ಸ್‌ಚೇಂಜ್ ಈಗಲೂ ಇದೆ. 15ರಿಂದ 19ರ ವಯಸ್ಸಿನ ಮಕ್ಕಳು ಒಂದು ಶಾಲಾ ವರ್ಷ ಪೂರ್ತಿ ಪರದೇಶದ ಮನೆಯಲ್ಲಿ ಇದ್ದು, ಅಲ್ಲಿನ ಶಾಲೆಗೇ ಹೋಗಿ, ಅಲ್ಲಿನ ಮಾತು ಕಲೀತಾರೆ. ಒಳ್ಳೇ ಯೋಜನೆ. ಇದರ ಜೀವ ಇರೋದೇ ಮನೆಯಲ್ಲಿ: ಮನೆಯ ಊಟ, ಮನೆಯ ಹಬ್ಬ, ಮನೆಯ ಮಾತು.

ಹಾಗಾದರೆ ಆ ಮನೆಯ ಮಾತು ಯಾವುದು ಅಂತ ನಿಜ ಹೇಳೋಕೆ ಏನು ಕಷ್ಟ?

ಹರ್ಬರ್ಟ್ ಟೇಲರ್ 1932ರಲ್ಲಿ ಬರೆದ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೋಟರಿಯವರು ತಮ್ಮ ಸಭೆಗಳಲ್ಲಿ ಓದ್ತಾರೆ. ಮೊದಲನೇ ಪ್ರಶ್ನೆ, ಇದು ಸತ್ಯವೇ ಅಂತ. ಎರಡನೆಯದು, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ ಅಂತ. ಆ ಅಜ್ಜಿ ಸಂಬಂಧಪಟ್ಟವರಲ್ವಾ? ಅವರ ಮನೆ, ಅವರ ಮಗ್ಗ, ಅವರು ನೇಯ್ದ ಸೀರೆ ಎಲ್ಲ ಫೋಟೋಕ್ಕೆ ಬೇಕು. ಬಾಯಿ ಮಾತ್ರ ಬೇಡ!

"ಅಯ್ಯೋ, ಎರಡು ದಿನಕ್ಕೆ ಬಂದವರಿಗೆ ಇದೆಲ್ಲ ಹೇಳಿದ್ರೆ ಗೊಂದಲ ಆಗುತ್ತೆ" ಅಂತಾರೆ. ಯಾರಿಗೆ ಗೊಂದಲ? ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು ರಾಷ್ಟ್ರಭಾಷೆ, ಬೆಲ್ಜಿಯಂನಲ್ಲಿ ಮೂರು ಅಧಿಕೃತ ಭಾಷೆ. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡೋರು ಕಡಿಮೆ, ಆದ್ರೂ ಅದು ಅಲ್ಲಿನ ಎರಡನೇ ರಾಷ್ಟ್ರಭಾಷೆ. ಅಂಥ ಕಡೆಯಿಂದ ಬಂದ ಮಕ್ಕಳಿಗೆ 'ಈ ಬೀದಿಯವರು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು' ಅನ್ನೋದು ಒಂದೇ ನಿಮಿಷಕ್ಕೆ ಅರ್ಥ ಆಗುತ್ತೆ. ಅರ್ಥ ಆಗದೇ ಇರೋದು ನಮ್ಮವರಿಗೇ.

ತಮಿಳಿನ ಮೇಲೆ ನಮಗೆ ಜಗಳ ಇಲ್ಲ. ಅದು ನಮಗೆ ಅನ್ನ ಕೊಟ್ಟ ಭಾಷೆ, ನಮ್ಮ ಸಿನಿಮಾದ ಭಾಷೆ, ಬೈದಾಟದ ಭಾಷೆ ಕೂಡ. ಆದರೆ ಕನ್ನಡ ನಿನ್ನೆ ಮೊನ್ನೆ ಇಲ್ಲಿಗೆ ಬಸ್ಸಿಳಿದದ್ದಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಆಗ ಇದೇ ಜಿಲ್ಲೆಯಲ್ಲಿತ್ತು, ಈಗ ಈರೋಡಿನ ತಾಳವಾಡಿಗೆ ಸೇರಿದೆ. ಗಡಿ ಎಳೆದದ್ದು ಆಮೇಲೆ. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲಿ ತಾಯಿಮಾತು ಕನ್ನಡ ಅಂತ ಬರೆಸಿದವರು 12 ಲಕ್ಷಕ್ಕೂ ಹೆಚ್ಚು. ತಲೆ ಆಡಿಸಿ ತಮಿಳು ಅಂತ ಬರೆಸಿದವರು ಈ ಲೆಕ್ಕದಲ್ಲಿ ಇಲ್ಲ.

ಈಗ ಆ ಹುಡುಗನ ಮಾತಿಗೆ ಬರೋಣ. ಅವನನ್ನು ಬೈಯೋದು ಸುಲಭ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಾಲೆಯಲ್ಲಿ ತಾಯಿಮಾತಿನ ಪಾಠಕ್ಕೆ ಅನುಕೂಲ ಮಾಡಿಕೊಡಿ ಅಂತ ಹೇಳುತ್ತೆ. ಆದರೆ ಕೊಯಮತ್ತೂರು, ತಿರುಪ್ಪೂರಿನ ನೇಕಾರರ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಅಕ್ಷರವನ್ನೇ ನೋಡಿಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ, ಕನ್ನಡ ಶಾಲೆ ಇದ್ದ ಕಡೆಯೂ ಕನ್ನಡ ಹಿಂದಿನ ಬೆಂಚಿಗೆ ಹೋಯ್ತು. ಇನ್ನು ನಮ್ಮ ಹುಡುಗರು ಮೈಸೂರಿಗೆ ಹೋಗಿ ಬಾಯಿ ತೆರೆದರೆ, "ಇದೇನು ಕನ್ನಡಾನಾ, ತೆಲುಗಾ?" ಅಂತ ನಗೋರು ಕನ್ನಡಿಗರೇ! ಅಲ್ಲಿ ನಗು, ಇಲ್ಲಿ 'ಹಳ್ಳಿ ತಮಿಳು'. ಅವನು ತಲೆ ಆಡಿಸದೆ ಇನ್ನೇನು ಮಾಡ್ತಾನೆ?

ಇದನ್ನು ಓದ್ತಿರೋ ನೀವು ತಾಳವಾಡಿ, ಹೊಸೂರು, ಕಾಸರಗೋಡು ಕಡೆಯವರು, ಗುಂಡ್ಲುಪೇಟೆ, ಚಾಮರಾಜನಗರದವರು. ನಿಮಗೆ ಓದೋಕೆ ಬರುತ್ತೆ. ಯಾರ ಬಗ್ಗೆ ಬರೆದಿದ್ದೀವೋ ಅವನಿಗೆ ಬರಲ್ಲ. ಅದಕ್ಕೇ ಈ ಮಾತು ನಿಮಗೆ.

ಕ್ಲಬ್ಬುಗಳಿಗೆ ನಾವು ಕೇಳ್ತಿರೋದು ಇಷ್ಟೇ. ಸಿರುಮುಗೈಗೋ ನೆಗಮಂಗೋ ಅತಿಥಿಗಳನ್ನು ಕರ್ಕೊಂಡು ಹೋದಾಗ, ಆ ಮನೆಯ ಮಾತು ಕನ್ನಡ ಆಗಿದ್ರೆ ಕನ್ನಡ ಅಂತಲೇ ಹೇಳಿ. ಮನೆಯ ಮಕ್ಕಳ ಕೈಲೇ ವಿವರಣೆ ಕೊಡಿಸಿ. ಎರಡನೆಯದಾಗಿ, ಬೆಟ್ಟದ ಆಚೆಗೂ ಒಂದು ವಿನಿಮಯ ನಡೆಸಿ. ದಿಂಬಂ ಘಾಟಿಯ 27 ತಿರುವು ಹತ್ತಿದರೆ ತಾಳವಾಡಿ, ಇನ್ನೂ ಸ್ವಲ್ಪ ಹೋದರೆ ಚಾಮರಾಜನಗರ. ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ. "ಅದು ಬೇರೆ ರಾಜ್ಯ, ಆಗಲ್ಲ" ಅನ್ನೋ ಹಾಗಿಲ್ಲ. ರೋಟರಿಯ 3201ನೇ ಡಿಸ್ಟ್ರಿಕ್ಟಿನಲ್ಲಿ ಕೊಯಮತ್ತೂರೂ ಇತ್ತು, ಕೇರಳದ ಎರ್ನಾಕುಳಮ್ಮೂ ಇತ್ತು.

ಫೆಬ್ರವರಿ 21 ಅಂತರರಾಷ್ಟ್ರೀಯ ತಾಯ್ನುಡಿ ದಿನ. ಫೆಬ್ರವರಿ 23 ರೋಟರಿ ಹುಟ್ಟಿದ ದಿನ, 1905ರದ್ದು. ಮಧ್ಯೆ ಎರಡೇ ದಿನ. ಅಷ್ಟರಲ್ಲಿ ಒಂದು ಬೀದಿಯ ಹತ್ತು ಮಕ್ಕಳನ್ನು ಘಾಟಿ ಹತ್ತಿಸಿ, ಹತ್ತು ಕನ್ನಡ ಮನೆಗಳಲ್ಲಿ ಉಳಿಸಿ ಅಂತ ಪತ್ರ ಬರೆದಿದ್ದೀವಿ. ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ. ಕ್ಲಬ್ಬಿನವರು ಒಪ್ಪಿದ್ರೆ ಸಂತೋಷ. ಒಪ್ಪದೇ ಹೋದರೂ ಬಸ್ ಚಾರ್ಜು ಎಷ್ಟು ಮಹಾ ಆಗುತ್ತೆ, ನಾವೇ ಹಾಕ್ಕೊಳ್ತೀವಿ. ಬೇಕಾಗಿರೋದು ಮನೆಗಳು. ನಿಮ್ಮ ಮನೆಯಲ್ಲಿ ಎರಡು ರಾತ್ರಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಟ್ಕೊಳ್ಳೋಕೆ ಅಪ್ಪ ಅವ್ವ ಒಪ್ತಾರಾ ಕೇಳಿ ನಮಗೆ ತಿಳಿಸಿ. ಬಂದವರ ಕನ್ನಡ ಕೇಳಿ ಮನೆಯಲ್ಲಿ ಯಾರೂ ನಗಬಾರದು, ಅದನ್ನು ಮೊದಲೇ ಹೇಳಿಟ್ಟಿರಿ.